ಮುರಿಯಲು ಒಯ್ದ ಉಕ್ಕು

ಅರಸೀಕೆರೆ

ಪರದೇಶಕ್ಕೆ ಹೊರಟವರೆಲ್ಲ ಉಪ್ಪಿನಕಾಯಿ ಬಾಟಲಿ ಒಡೆಯದಂತೆ ಕಟ್ಟಿಕೊಳ್ಳುವ ಚಿಂತೆಯಲ್ಲಿರುತ್ತಾರೆ. ನಾನು ಮುರಿಯುವುದಕ್ಕೆಂದೇ ಸಾಮಾನು ಕಟ್ಟಿಕೊಂಡು ಹೊರಟವಳು. ನನ್ನ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕಿರುಬೆರಳುದ್ದದ ಉಕ್ಕಿನ ತುಂಡುಗಳಿದ್ದವು. ಅವನ್ನು ಝೆಕ್ ದೇಶದ ಒಂದು ಪ್ರಯೋಗಾಲಯಕ್ಕೆ ಒಯ್ದು, ಕರಗಿದ ಲೋಹದಲ್ಲಿ ಮುಳುಗಿಸಿ, ಎರಡೂ ತುದಿ ಹಿಡಿದು ನಿಧಾನವಾಗಿ ಎಳೆದು ಮುರಿಯಬೇಕಿತ್ತು. ಇದನ್ನು ಹೇಳಿದಾಗ ಅಪ್ಪ ಕನ್ನಡಕದ ಮೇಲಿಂದ ನನ್ನನ್ನೇ ನೋಡಿದರು.

"ಮುರ್ಯೋಕೆ ಅಷ್ಟು ದೂರ ಹೋಗ್ಬೇಕಾ ಗಿರಿಜಾ? ಇಲ್ಲೇ ಸಂತೆ ಬೀದೀಲಿ ಕುಲುಮೆ ಐತಲ್ಲ" ಎಂದರು.

ಅಪ್ಪನದು ಕೊಬ್ಬರಿ ಮಂಡಿ. ವಯಸ್ಸು ಎಂಬತ್ತರ ಹತ್ತಿರ ಬಂದರೂ ದಿನ ಬೆಳಗಾದರೆ ಅಂಗಿ ಹಾಕಿಕೊಂಡು ಮಂಡಿಗೆ ಹೋಗದಿದ್ದರೆ ಅವರಿಗೆ ಅನ್ನ ಇಳಿಯುವುದಿಲ್ಲ. ಮಗಳು ಲೋಹಶಾಸ್ತ್ರ ಓದಿ ಕೂದಲು ನರೆಯುವವರೆಗೆ ಅದೇ ಕೆಲಸ ಮಾಡಿದ್ದಾಳೆ ಎಂಬುದು ಗೊತ್ತು, ಆ ಕೆಲಸ ಏನೆಂಬುದು ಗೊತ್ತಿಲ್ಲ. ನಾನೂ ಸರಿಯಾಗಿ ಹೇಳಿದವಳಲ್ಲ. ಓದುಗರಿಗಾದರೂ ಹೇಳಿಬಿಡುತ್ತೇನೆ.

ಅಣುಸ್ಥಾವರದ ಒಡಲಿನ ಬಿಸಿಯನ್ನು ಹೊರಗೆ ತರಲು ಸಾಮಾನ್ಯವಾಗಿ ನೀರು ಬಳಸುತ್ತಾರೆ. ನೀರಿನ ಬದಲು ಕರಗಿದ ಸೀಸ ಮತ್ತು ಬಿಸ್ಮತ್ ಎಂಬ ಲೋಹಗಳನ್ನು ಹರಿಸುವ ಸ್ಥಾವರ ಕಟ್ಟಬೇಕೆಂದು ಹಲವು ದೇಶಗಳ ಆಸೆ. ಆ ಲೋಹದ ಮಡುವಿನಲ್ಲಿ ವರ್ಷಾನುಗಟ್ಟಲೆ ನಿಲ್ಲಬೇಕಾದ ಉಕ್ಕಿಗೆ ಎರಡು ಕಡೆಯಿಂದ ಕಾಟ. ವಿಕಿರಣ ಅದನ್ನು ಗಟ್ಟಿ ಮಾಡುತ್ತ ಪೆಡಸು ಮಾಡುತ್ತದೆ. ಕರಗಿದ ಲೋಹ ಸಣ್ಣ ಬಿರುಕು ಸಿಕ್ಕರೂ ಸಾಕು, ಒಳಗೆ ನುಗ್ಗಿ ಸೀಳುತ್ತದೆ. ಒಳ್ಳೆಯ ಉಕ್ಕು ಮುರಿಯುವ ಮೊದಲು ಚೆನ್ನಾಗಿ ಜಗ್ಗುತ್ತದೆ, ಅದರ ನಡು ಸಣ್ಣಗಾಗುತ್ತದೆ. ಕೆಟ್ಟ ಉಕ್ಕು ಹಪ್ಪಳದ ಹಾಗೆ ಫಟ್ಟೆನ್ನುತ್ತದೆ. ಹೇಗೆ ಮುರಿಯಿತು ಎಂದು ನೋಡುವುದರಲ್ಲೇ ನನ್ನ ಅನ್ನ ಹುಟ್ಟಿದ್ದು.

ನಾವು ಇಲ್ಲಿ ಕರಗಿಸಿ ಮಾಡಿದ ಒಂದು ಬಗೆಯ ಉಕ್ಕಿನ ಎರಡು ತುಂಡುಗಳನ್ನು ಬಹಳ ಹಿಂದೆಯೇ ಹೊರದೇಶದ ಒಂದು ಸ್ಥಾವರದಲ್ಲಿ ವಿಕಿರಣಕ್ಕೆ ಒಡ್ಡಿದ್ದೆವು. ಆ ಸ್ಥಾವರ ಈಗ ಮುಚ್ಚಿದೆ. ಹಾಗಾಗಿ ನಮ್ಮ ಉಕ್ಕು ವಿಕಿರಣ ತಿಂದು ಹೇಗಾಗಿದೆ ಎಂದು ಹೇಳಬಲ್ಲ ತುಂಡುಗಳು ಜಗತ್ತಿನಲ್ಲಿ ಎರಡೇ, ಅವು ಝೆಕ್ ಪ್ರಯೋಗಾಲಯದ ದಪ್ಪ ಗೋಡೆಯ ಹಿಂದೆ ಇದ್ದವು. ಡಬ್ಬಿಯಲ್ಲಿದ್ದದ್ದು ಅದೇ ಉಕ್ಕಿನ ಹೋಲಿಕೆಯ ತುಂಡುಗಳು, ವಿಕಿರಣ ಕಾಣದ ಒಡಹುಟ್ಟುಗಳು. ಎರಡನ್ನೂ ಒಂದೇ ರೀತಿ ಎಳೆದು ಹೋಲಿಸಿದರೆ ಮಾತ್ರ ಫಲಿತಾಂಶಕ್ಕೆ ಬೆಲೆ. ತಪ್ಪಿದರೆ ನಮ್ಮ ಉಕ್ಕನ್ನು ಹೊಸ ಸ್ಥಾವರದ ಯೋಜನೆಯಿಂದ ಕೈಬಿಡುತ್ತಾರೆ. ನಾನು ಮುಂದಿನ ವರ್ಷ ನಿವೃತ್ತಳಾಗುವವಳು, ಇನ್ನೊಂದು ಉಕ್ಕು ಮಾಡಿ ಕಾಯುವಷ್ಟು ಸೇವೆ ಉಳಿದಿಲ್ಲ.

ಹೊರಡುವ ಹಿಂದಿನ ದಿನ ತಮ್ಮ ಬಸವರಾಜು, ಅವನ ಹೆಂಡತಿ, ಅವಳ ಕಡೆಯ ನೆಂಟರು ಎಲ್ಲರೂ ಸೇರಿ ನನ್ನನ್ನು ಹಳೇಬೀಡು, ಬೇಲೂರಿಗೆ ಎಳೆದುಕೊಂಡು ಹೋದರು. ಡಬ್ಬಿಯನ್ನು ಅಪ್ಪನ ಬೀರುವಿನಲ್ಲಿ ಇಟ್ಟು ಹೋದೆ. ಹಳೇಬೀಡಿನಲ್ಲಿ ಗೈಡು ಕಂಬ ಸವರುತ್ತ, "ಈ ಕಲ್ಲು ನೆಲದಿಂದ ತೆಗೆದಾಗ ಮೆತ್ತಗಿರುತ್ತೆ ಮೇಡಂ, ಗಾಳಿಗೆ ಬಿದ್ದು ಗಟ್ಟಿಯಾಗುತ್ತೆ" ಎಂದ. ಚಿಕ್ಕಂದಿನಿಂದ ಕೇಳಿದ ಮಾತೇ. ಆದರೂ ಆವತ್ತು ಹೊಟ್ಟೆಕಿಚ್ಚಾಯಿತು. ಈ ಕಲ್ಲು ಗಟ್ಟಿಯಾದರೆ ಎಲ್ಲರೂ ಹೊಗಳುತ್ತಾರೆ, ನನ್ನ ಉಕ್ಕು ಗಟ್ಟಿಯಾದರೆ ನನ್ನ ಮುಖ ಸಪ್ಪಗಾಗುತ್ತದೆ. ಬೇಲೂರಿನಲ್ಲಿ ನೆಂಟರು ಶಿಲಾಬಾಲಿಕೆಯರ ಒಡವೆ ಲೆಕ್ಕ ಹಾಕುತ್ತಿದ್ದರೆ ನಾನು ಅವರ ಸಣ್ಣ ನಡುಗಳನ್ನೇ ನೋಡುತ್ತ ನಿಂತಿದ್ದೆ.

ಮನೆಗೆ ಬಂದಾಗ ಅಪ್ಪ ಡಬ್ಬಿಯನ್ನು ಬಟ್ಟೆಯಲ್ಲಿ ಸುತ್ತಿ, ದಾರದಿಂದ ಮೂಟೆ ಕಟ್ಟುವ ಗಂಟು ಹಾಕಿ ಇಟ್ಟಿದ್ದರು.

"ಭದ್ರವಾಗಿ ಕಟ್ಟಿವ್ನಿ ಕಣಮ್ಮ. ಅಲ್ಲಿಗೆ ಹೋಗೋವರ್ಗೂ ಬಿಚ್ಚಬ್ಯಾಡ."

ಆ ಗಂಟನ್ನು ಬಿಚ್ಚುವ ತಾಕತ್ತು ನನಗೂ ಇರಲಿಲ್ಲ. ಹಾಗೇ ಬ್ಯಾಗಿಗೆ ಹಾಕಿಕೊಂಡೆ.

ಪ್ರಾಗ್ ವಿಮಾನ ನಿಲ್ದಾಣ

ಅಲ್ಲಿ ನನ್ನನ್ನು ಮೊದಲು ಸ್ವಾಗತಿಸಿದ್ದು ಒಂದು ನಾಯಿ. ಉದ್ದ ಕಿವಿಯ, ಕೆಲಸದ ಮೇಲೆ ತುಂಬ ಶ್ರದ್ಧೆಯಿದ್ದ ನಾಯಿ. ಎಲ್ಲರ ಚೀಲ ಮೂಸಿ ಮುಂದೆ ಹೋಗುತ್ತಿದ್ದುದು ನನ್ನ ಬ್ಯಾಗಿನ ಮುಂದೆ ಬಂದು ಕುಳಿತೇಬಿಟ್ಟಿತು. ಏಳಲೊಲ್ಲದು. ಅಧಿಕಾರಿ ಬ್ಯಾಗು ತೆರೆಸಿದ. ಕೊಬ್ಬರಿ ಮಿಠಾಯಿ, ಚಟ್ನಿಪುಡಿ ಸಿಕ್ಕವು. ನಾಯಿಗೆ ಅದರಲ್ಲಿ ಆಸಕ್ತಿ ಇರಲಿಲ್ಲ. ಅದರ ಮೂಗು ಅಪ್ಪನ ಗಂಟಿನ ಮೇಲಿತ್ತು.

"ಇದರಲ್ಲೇನಿದೆ?"

"ಉಕ್ಕು" ಎಂದು ಕಾಗದ ತೋರಿಸಿದೆ.

ಅಧಿಕಾರಿ ಕಾಗದ ನೋಡಿದ, ನಾಯಿಯನ್ನು ನೋಡಿದ, ಗಂಟು ಬಿಚ್ಚಲು ನೋಡಿ ಸೋತ. ಕೊನೆಗೆ ಡಬ್ಬಿಯನ್ನು ಯಂತ್ರದಲ್ಲಿ ತೂರಿಸಿ, ಉಕ್ಕೇ ಎಂದು ಖಾತ್ರಿಯಾದ ಮೇಲೆ ಬಿಟ್ಟ. ನಾಯಿ ಮಾತ್ರ ನಂಬದೆ ನಾನು ಬಾಗಿಲು ದಾಟುವವರೆಗೆ ತಿರುಗಿ ತಿರುಗಿ ನೋಡುತ್ತಿತ್ತು. ಪಕ್ಕದಲ್ಲಿದ್ದ ಮಿಠಾಯಿಯ ವಾಸನೆ ಗಂಟಿಗೆ ಅಂಟಿರಬೇಕು ಎಂದುಕೊಂಡೆ.

ನದಿಯ ತಿರುವಿನ ಹಳ್ಳಿ

ಪ್ರಯೋಗಾಲಯ ಇದ್ದದ್ದು ಪ್ರಾಗ್‌ನಿಂದ ಸ್ವಲ್ಪ ದೂರದ ಹಳ್ಳಿಯಲ್ಲಿ. ಒಂದು ಪುಟ್ಟ ರೈಲು ನದಿಯ ದಂಡೆಗುಂಟ ಓಡುತ್ತ, ನಮ್ಮ ಬಾಣಾವರಕ್ಕಿಂತ ಸಣ್ಣ ಸ್ಟೇಷನ್ನುಗಳಲ್ಲೆಲ್ಲ ನಿಂತು ಹೋಗುತ್ತದೆ. ಪ್ರಯೋಗಾಲಯದಲ್ಲಿ ಎಳೆತದ ಪರೀಕ್ಷೆಗಳನ್ನು ನೋಡಿಕೊಳ್ಳುವ ಹಾನಾ ಎಂಬಾಕೆ ಸ್ಟೇಷನ್ನಿಗೇ ಬಂದಿದ್ದರು. ಬಿಳಿ ಕೂದಲು, ಎತ್ತರದ ಆಳು, ನಡಿಗೆಯಲ್ಲಿ ನನ್ನನ್ನು ಹಿಂದೆ ಹಾಕುವವರು. ಪತ್ರದಲ್ಲಿ ಬಹಳ ವರ್ಷಗಳ ಪರಿಚಯ, ಮುಖ ನೋಡಿದ್ದು ಅಂದೇ.

ಅವರ ಮನೆಯಲ್ಲೇ ನನಗೆ ಕೋಣೆ. ಬಾಗಿಲಲ್ಲಿ ಚಪ್ಪಲಿ ಬಿಡಲು ಬಗ್ಗಿದೆ. ಹಾನಾ ಕೂಡ ಬಗ್ಗಿದರು. ಇಬ್ಬರ ತಲೆಯೂ ಢಿಕ್ಕಿ ಹೊಡೆಯಿತು. ಆ ದೇಶದಲ್ಲಿಯೂ ಹೊರಗಿನ ಪಾದರಕ್ಷೆ ಒಳಗೆ ತರುವಂತಿಲ್ಲ, ಬಂದ ನೆಂಟರಿಗೆಂದೇ ಮನೆಯೊಳಗೆ ಹಾಕುವ ಮೆತ್ತನೆಯ ಚಪ್ಪಲಿಗಳ ಒಂದು ಬುಟ್ಟಿ ಇರುತ್ತದೆ. ಹಣೆ ಉಜ್ಜಿಕೊಳ್ಳುತ್ತಲೇ ನಮ್ಮಿಬ್ಬರ ಸಂಕೋಚ ಹೋಯಿತು.

ಅಲ್ಲಿನವರು ಲಿಫ್ಟಿಗೆ ಬಂದರೂ ಒಳಗಿದ್ದ ಅಪರಿಚಿತರಿಗೆಲ್ಲ ನಮಸ್ಕಾರ ಹೇಳುತ್ತಾರೆ, ಇಳಿಯುವಾಗ ಹೋಗಿಬರುತ್ತೇನೆ ಎನ್ನುತ್ತಾರೆ. ನಾನು ಎರಡು ದಿನ ಉತ್ತರ ಕೊಡದೆ ಗುಮ್ಮನಂತೆ ನಿಂತಿದ್ದೆ. ಅಭ್ಯಾಸವಾದ ಮೇಲೆ ಯಾರೂ ಇಲ್ಲದ ಲಿಫ್ಟಿಗೂ ನಮಸ್ಕಾರ ಹೇಳತೊಡಗಿದೆ. ಊಟದ ಮನೆಯಲ್ಲಿ ಸಸ್ಯಾಹಾರ ಎಂದರೆ ಕರಿದ ಚೀಸು. ನಿನ್ನೆ ಕರಿದ ಚೀಸು, ಇವತ್ತು ಕರಿದ ಚೀಸು, ನಾಳೆಯೂ ಅದೇ. ಆದರೆ ಗಸಗಸೆ ತುಂಬಿದ ಬನ್ನು ತಿಂದ ದಿನ ಎಲ್ಲವನ್ನೂ ಕ್ಷಮಿಸಿದೆ. ನಾವು ಗಸಗಸೆಯನ್ನು ಚಮಚದಲ್ಲಿ ಅಳೆದು ಪಾಯಸಕ್ಕೆ ಹಾಕುತ್ತೇವೆ, ಅವರು ಹೂರಣದ ಹಾಗೆ ಗಿಡಿದು ತುಂಬುತ್ತಾರೆ. ಮಧ್ಯಾಹ್ನವೆಲ್ಲ ತೂಕಡಿಕೆ ಬಂದದ್ದು ಅದರಿಂದಲೋ ಪ್ರಯಾಣದಿಂದಲೋ ಗೊತ್ತಿಲ್ಲ.

ಹಳದಿ ಗಾಜಿನ ಮುಂದೆ

ವಿಕಿರಣಗೊಂಡ ನನ್ನ ತುಂಡುಗಳನ್ನು ಮೊದಲು ನೋಡಿದ್ದು ಒಂದು ಕಿಟಕಿಯ ಮೂಲಕ. ಮೊಳಕ್ಕಿಂತ ದಪ್ಪದ, ಸೀಸ ಬೆರೆತ ಹಳದಿ ಗಾಜು. ಆಚೆ ಒಂದು ಕೋಣೆ, ಅದರಲ್ಲಿ ಮನುಷ್ಯರು ಕಾಲಿಡುವಂತಿಲ್ಲ. ಪಾವೆಲ್ ಎಂಬ ದಪ್ಪ ಮೀಸೆಯವನು ಈಚೆ ನಿಂತು ಎರಡು ಹಿಡಿಕೆ ಅಲ್ಲಾಡಿಸಿದರೆ ಆಚೆ ಎರಡು ಉಕ್ಕಿನ ಕೈಗಳು ಅಲ್ಲಾಡುತ್ತವೆ. ಆ ಕೈಯಿಂದಲೇ ಅವನು ಪುಟ್ಟ ಡಬ್ಬಿಯ ಮುಚ್ಚಳ ತಿರುಗಿಸಿ, ನನ್ನ ತುಂಡನ್ನು ಎತ್ತಿ, ಗಾಜಿನ ಹತ್ತಿರ ತಂದು ಹಿಡಿದ.

ನಾವೇ ಕರಗಿಸಿ, ಬಡಿದು, ಕೊರೆದು ಮಾಡಿದ ತುಂಡು. ಕಳಿಸುವ ದಿನ ಕೈಯಲ್ಲಿ ಹಿಡಿದು ನೋಡಿದ್ದೆ. ಇನ್ನು ಈ ಜನ್ಮದಲ್ಲಿ ಮುಟ್ಟುವಂತಿಲ್ಲ. ಕಣ್ಣು ತುಂಬಿತು, ನಾಚಿಕೆಯೂ ಆಯಿತು. ಪಾವೆಲ್ ನೋಡದವನಂತೆ ನನ್ನ ಕೊರಳ ಕಡೆ ಬೆರಳು ತೋರಿಸಿ, ಅದೇನು ಎಂದು ಕೇಳಿದ. ವಿಕಿರಣ ಅಳೆಯುವ ಬಿಲ್ಲೆಯ ಪಕ್ಕದಲ್ಲಿ ನನ್ನ ಬೆಳ್ಳಿಯ ಕರಡಿಗೆ ತೂಗುತ್ತಿತ್ತು. ಇದರಲ್ಲಿ ನಾನು ದಿನಾ ಪೂಜೆ ಮಾಡುವ ಇಷ್ಟಲಿಂಗ ಇದೆ ಎಂದೆ. ಅವನು ತಲೆದೂಗಿ, "ಹಾಗಾದರೆ ನಿಮಗೆ ಇಬ್ಬರು ಕಾವಲು" ಎಂದ.

ಆಮೇಲೆ ನನ್ನ ಡಬ್ಬಿಯ ಸರದಿ. ಅಪ್ಪನ ಗಂಟನ್ನು ಕತ್ತರಿಯಿಂದ ಕತ್ತರಿಸಬೇಕಾಯಿತು. ತಣ್ಣನೆಯ ಆ ಕೋಣೆಯಲ್ಲಿ ಮುಚ್ಚಳ ತೆಗೆದ ಹಾನಾ ಡಬ್ಬಿಯನ್ನು ನನ್ನ ಕಡೆ ತಿರುಗಿಸಿದರು. ನಾನೂ ಬಗ್ಗಿ ನೋಡಿದೆ. ಕನ್ನಡಿಯಂತೆ ಉಜ್ಜಿ ತಂದಿದ್ದ ತುಂಡುಗಳ ಮೇಲೆಲ್ಲ ಬಿಳಿ ಪೊರೆ ಕಟ್ಟಿತ್ತು. ತೇವ ಹೀರಲು ನಾನು ಇಟ್ಟಿದ್ದ ಪೊಟ್ಟಣವೂ ಇರಲಿಲ್ಲ.

"ದಾರಿಯಲ್ಲಿ ತೇವ ಹಿಡಿದು ಕೆಟ್ಟಿದೆಯೇ?" ಎಂದರು ಹಾನಾ.

ಏನೆಂದು ಗೊತ್ತಿಲ್ಲದ್ದು ಮೆತ್ತಿಕೊಂಡ ತುಂಡನ್ನು ಕರಗಿದ ಲೋಹದ ಕುಲುಮೆಗೆ ಇಳಿಸುವುದಿಲ್ಲ ಎಂಬುದು ಹಾನಾ ಮೀರದ ನಿಯಮ. ಮೀರಲೂಬಾರದು, ಆ ಕರಗಿದ ಲೋಹಕ್ಕೆ ಚೂರು ಕಲ್ಮಷ ಬಿದ್ದರೂ ಅದರ ಗುಣ ಬದಲಾಗಿ ಒಳ್ಳೆಯ ಉಕ್ಕೂ ಬೇಗ ಸೀಳುತ್ತದೆ. ಹೋಲಿಕೆಯ ತುಂಡುಗಳಿಲ್ಲದೆ ಗಾಜಿನ ಆಚೆಯ ಎರಡನ್ನು ಎಳೆದು ಪ್ರಯೋಜನವಿಲ್ಲ. ಯಂತ್ರ ನನಗೆ ಸಿಕ್ಕಿದ್ದು ಒಂದು ವಾರ, ಆಮೇಲೆ ಬೇರೆ ತಂಡದ ಪಾಳಿ.

ಹಾನಾ ಒಂದು ತುಂಡನ್ನು ಚಿಮುಟದಿಂದ ಎತ್ತಿ ಸೂಕ್ಷ್ಮದರ್ಶಕದ ದೀಪದಡಿ ಇಟ್ಟರು. ಕಣ್ಣು ಹತ್ತಿರ ತರುವಷ್ಟರಲ್ಲಿ ಬಿಳಿ ಪೊರೆ ಮಾಯವಾಗಿ ಉಕ್ಕು ಫಳಫಳ ಹೊಳೆಯಿತು. "ರೋಗ ಎಲ್ಲಿ ಹೋಯಿತು?" ಎಂದ ಪಾವೆಲ್. ನಾನೂ ಬಗ್ಗಿದೆ. ದೀಪದ ಬಿಸಿಗೆ ಘಮ್ಮೆಂದು ವಾಸನೆ ಬಂತು. ಮೂಗಿಗೆ ಬಡಿದದ್ದು ನಮ್ಮ ಮನೆಯ ಅಟ್ಟ, ನಮ್ಮ ಊರಿನ ಗಾಣ. ಚಳಿಗಾಲದ ಬೆಳಿಗ್ಗೆ ಹೆಪ್ಪುಗಟ್ಟಿದ ಕೊಬ್ಬರಿ ಎಣ್ಣೆಯ ಬಾಟಲಿಯನ್ನು ಬಿಸಿಲಿಗಿಟ್ಟು ಬೆಳೆದವಳಿಗೆ ಇಷ್ಟು ಹೊತ್ತು ಹೊಳೆಯದ್ದಕ್ಕೆ ಹಣೆ ಚಚ್ಚಿಕೊಳ್ಳಬೇಕೆನಿಸಿತು. ಪಾಪದ ಆ ನಾಯಿಗೆ ಮೊದಲೇ ತಿಳಿದಿತ್ತು.

ಅಲ್ಲಿಂದಲೇ ಅಪ್ಪನಿಗೆ ಫೋನು ಮಾಡಿ ಸ್ಪೀಕರಿಗೆ ಹಾಕಿದೆ.

"ಅಪ್ಪಾ, ಡಬ್ಬಿ ಬಿಚ್ಚಿದ್ರಾ?"

"ಹೂಂ. ಒಂದ್ ತೊಟ್ಟು ಎಣ್ಣೆ ಸವರಿದೆ ಅಷ್ಟೆ. ಕಬ್ಬಿಣ ಕಣಮ್ಮ, ಎಣ್ಣೆ ಇಲ್ದೆ ಬಿಟ್ರೆ ತುಕ್ಕು ಹಿಡಿತೈತೆ. ನಾವು ಮಚ್ಚು, ಕಾಯಿ ಸುಲಿಯೋ ಹಾರೆ ಎಲ್ಲ ಹಂಗೇ ಅಲ್ವಾ ಇಡಾದು?"

"ಆ ಸಣ್ಣ ಪೊಟ್ಟಣ?"

"ತಿನ್ನಬ್ಯಾಡಿ ಅಂತ ಬರೆದಿತ್ತು ಅಂತಾ ನಿನ್ನ ತಮ್ಮ ಓದಿ ಹೇಳ್ದ. ವಿಷ ಯಾಕಮ್ಮ ಜೊತೇಲಿ ಅಂತ ಎಸೆದೆ."

ನಾನು ಅನುವಾದಿಸಿದೆ. ಪಾವೆಲ್ ಗೋಡೆ ಹಿಡಿದು ನಕ್ಕ. ಹಾನಾ ನಗು ತಡೆದುಕೊಂಡು, ಎಣ್ಣೆಯಲ್ಲಿ ಬೇರೆ ಏನಾದರೂ ಬೆರೆತಿದೆಯೇ ಕೇಳಿ ಎಂದರು. ಕೇಳಿದೆ.

"ಬೆರಕೆನಾ? ನಮ್ಮ ಗಾಣದ ಎಣ್ಣೆ ಕಣಮ್ಮ ಅದು! ಯಾರದು ಹಂಗಂದೋರು?" ಎಂದು ಅಪ್ಪನ ದನಿ ಏರಿತು. ಮರುಕ್ಷಣವೇ ಇಳಿಯಿತು. "ಯಾಕಮ್ಮ, ಕೆಟ್ಟೋಯ್ತಾ?"

"ಆಮೇಲೆ ಮಾತಾಡ್ತೀನಪ್ಪ" ಎಂದು ಇಟ್ಟುಬಿಟ್ಟೆ. ಮಾಡುವ ಕೆಲಸ ತಲೆಯ ಮೇಲಿತ್ತು.

ಯಾವುದನ್ನು ಎಳೆಯುವುದು

ತುಂಡುಗಳನ್ನು ಜಿಡ್ಡು ಬಿಡಿಸುವ ಅಸಿಟೋನ್ ದ್ರವದಲ್ಲಿ ಮತ್ತೆ ಮತ್ತೆ ತೊಳೆದೆವು. ಅಷ್ಟು ಸಾಲದು ಎಂದರು ಹಾನಾ. ಒಂದನ್ನು ಬಲಿಕೊಟ್ಟು, ಕತ್ತರಿಸಿ, ಮೇಲ್ಮೈಯಲ್ಲಿ ಎಣ್ಣೆಯ ಪಸೆ ಉಳಿದಿಲ್ಲವೆಂದು ನೋಡಿ ಒಪ್ಪುವ ಹೊತ್ತಿಗೆ ವಾರದ ಬಹುಪಾಲು ಕಳೆದಿತ್ತು. ತಮ್ಮ ತಂದೆ ಗರಗಸಕ್ಕೆ ಹಂದಿಯ ಕೊಬ್ಬು ಸವರಿ ಇಡುತ್ತಿದ್ದರು ಎಂದು ಅವರು ನೆನೆಸಿಕೊಂಡರು. ನನ್ನ ಅಪ್ಪನ ಮೇಲೆ ಅವರಿಗೆ ಸಿಟ್ಟಿರಲಿಲ್ಲ, ನನಗಿತ್ತು.

ಇನ್ನು ಉಳಿದದ್ದು ಒಂದು ಜೊತೆಯನ್ನು ಎಳೆಯುವಷ್ಟು ಸಮಯ. ಹೋಲಿಕೆಯದೊಂದು, ವಿಕಿರಣಗೊಂಡದ್ದೊಂದು. ಲೋಹ ಹೆಚ್ಚು ಬಿಸಿಯಿದ್ದಾಗ ಇಂಥ ಉಕ್ಕು ಮೆತ್ತಗಿದ್ದು ಜಗ್ಗುತ್ತದೆ, ಪಾಸಾಗುವುದು ಹೆಚ್ಚುಕಡಿಮೆ ಖಂಡಿತ. ಬಿಸಿ ಸ್ವಲ್ಪ ತಗ್ಗಿದಾಗಲೇ ಅಪಾಯ, ಬೇರೆಯವರ ಎಷ್ಟೋ ಉಕ್ಕುಗಳು ಅಲ್ಲೇ ಸೀಳಿವೆ. ನಾನು ಸುಲಭದ್ದನ್ನು ಮೊದಲು, ಕಷ್ಟದ್ದನ್ನು ಆಮೇಲೆ ಎಂದು ಯೋಜನೆ ಹಾಕಿಕೊಂಡು ಬಂದಿದ್ದೆ. ಈಗ ಆಮೇಲೆ ಎಂಬುದೇ ಇರಲಿಲ್ಲ.

"ಉಕ್ಕು ನಿಮ್ಮದು, ನೀವೇ ಹೇಳಬೇಕು" ಎಂದರು ಹಾನಾ.

ಸುಲಭದ್ದನ್ನೇ ಎಳೆದು ಒಳ್ಳೆಯ ಸುದ್ದಿ ಹೊತ್ತು ಊರಿಗೆ ಹೋಗಬಹುದಿತ್ತು. ನಿವೃತ್ತಿಯ ದಿನ ಶಾಲು ಹೊದಿಸುವವರು ಅದನ್ನೇ ಹೇಳಿ ಹೊಗಳುತ್ತಿದ್ದರು. ಆದರೆ ಮುಂದೆ ಯಾರೋ ಆ ಉಕ್ಕನ್ನು ನಂಬಿ ಪಾತ್ರೆ ಕಟ್ಟುತ್ತಾರೆ, ಅದು ತಗ್ಗಿದ ಬಿಸಿಯಲ್ಲೂ ನಿಲ್ಲಬೇಕು. ಕಷ್ಟದ್ದನ್ನೇ ಇಳಿಸಿ ಎಂದೆ.

ಎಳೆತ ಬಹಳ ನಿಧಾನ. ಕಣ್ಣಿಗೆ ಕಾಣದಷ್ಟು ಮೆಲ್ಲಗೆ ಯಂತ್ರ ಜಗ್ಗುತ್ತಿರುತ್ತದೆ. ಎದುರಿಗೆ ಕುಳಿತು ನೋಡಿದರೆ ಹುಚ್ಚು ಹಿಡಿಯುತ್ತದೆಂದು ಹಾನಾ ನನ್ನನ್ನು ಕಾಡಿಗೆ ಅಣಬೆ ಆರಿಸಲು ಕರೆದೊಯ್ದರು. ರಜೆಯ ದಿನ ಆ ದೇಶದ ಅರ್ಧ ಜನ ಬುಟ್ಟಿ ಹಿಡಿದು ಕಾಡಿನಲ್ಲಿರುತ್ತಾರೆ, ನಮ್ಮಲ್ಲಿ ಮದುವೆ ಮನೆಯಲ್ಲಿರುವ ಹಾಗೆ. ನಾನು ಚೆಂದ ಕಂಡದ್ದನ್ನೆಲ್ಲ ಕಿತ್ತು ತಂದೆ. ಹಾನಾ ಒಂದೊಂದನ್ನೂ ಮೂಸಿ, ತಿರುಗಿಸಿ, ನನ್ನ ಬುಟ್ಟಿಯನ್ನು ಬಹುತೇಕ ಖಾಲಿ ಮಾಡಿದರು. "ಗೊತ್ತಿಲ್ಲದ್ದನ್ನು ಕುಲುಮೆಗೂ ಹಾಕಬಾರದು, ಬಾಣಲೆಗೂ ಹಾಕಬಾರದು" ಎಂದರು.

ಮರಳಿ ಬಂದಾಗ ಹೋಲಿಕೆಯ ತುಂಡು ಮುರಿದಿತ್ತು, ಚೆನ್ನಾಗಿ ಜಗ್ಗಿ ಮುರಿದಿತ್ತು. ತಡವಾಗಿ ಶುರುವಾದ ಗಾಜಿನ ಆಚೆಯದು ಇನ್ನೂ ಎಳೆಸಿಕೊಳ್ಳುತ್ತಿತ್ತು. ಮರುದಿನ ಪಾವೆಲ್ ಬಂದು ಕರೆದ. ಅವನ ಮೀಸೆಯಿಂದ ಏನೂ ಗೊತ್ತಾಗಲಿಲ್ಲ. ಉಕ್ಕಿನ ಕೈಗಳು ಎರಡು ಚೂರುಗಳನ್ನು ಎತ್ತಿ ತಂದವು. ನಾನು ಶಿವನೇ ಎಂದುಕೊಂಡು ಕಣ್ಣು ತೆರೆದೆ. ಎರಡು ಚೂರೂ ತುದಿಯಲ್ಲಿ ಸಣ್ಣಗಾಗಿದ್ದವು. ಒಡಹುಟ್ಟಿನಷ್ಟಲ್ಲ, ವಿಕಿರಣ ತನ್ನ ಪಾಲು ಕಿತ್ತುಕೊಂಡಿತ್ತು. ಆದರೂ ಫಟ್ಟೆಂದಿರಲಿಲ್ಲ, ಹಿಗ್ಗಿ ಹಿಗ್ಗಿ ಆಮೇಲೆ ಮುರಿದಿತ್ತು. ಪಾವೆಲ್ ಹಳದಿ ಗಾಜಿನ ಆಚೆ ಆ ಉಕ್ಕಿನ ಕೈಯಿಂದಲೇ ನನಗೊಂದು ಸಲಾಮು ಹೊಡೆಸಿದ. ಹಾನಾ ನನ್ನನ್ನು ಅಪ್ಪಿಕೊಂಡರು. ಆ ಸಂತೋಷದಲ್ಲಿ ತಮ್ಮನಿಗೆ ಒಂದೇ ಮಾತಿನ ಮೆಸೇಜು ಕಳಿಸಿದೆ, "ಮುರೀತು!" ಎಂದು.

ಮತ್ತೆ ಅರಸೀಕೆರೆ

ರೈಲು ಇಳಿದು ಆಟೋದಲ್ಲಿ ಮಂಡಿಯ ಮುಂದೆಯೇ ಬಂದೆ. ಅಪ್ಪನ ಜಾಗದಲ್ಲಿ ಬಸವರಾಜು ಕುಳಿತಿದ್ದ. ವ್ಯಾಪಾರದ ಹೊತ್ತು.

"ಅಪ್ಪ ಎಲ್ಲೋ?"

"ನಿನ್ ಫೋನ್ ಬಂದಾಗಿಂದ ಮಂಡಿ ಕಡೆ ಬಂದಿಲ್ಲ ಕಣಕ್ಕ. ಸುಮ್ನೆ ಕೂತಿರ್ತಾರೆ. ಮೊನ್ನೆ ಅಕ್ಕನ ಉಕ್ಕು ಮುರೀತಂತೆ ಅಂತ ಹೇಳಿದ್ಮೇಲಂತೂ ಸರಿಯಾಗಿ ಊಟಾನೂ ಮಾಡ್ತಿಲ್ಲ."

ಮನೆಗೆ ಓಡಿದೆ. ಅಪ್ಪ ಬನಿಯನ್ನಿನಲ್ಲಿ ಜಗಲಿಯ ಮೇಲೆ ಕುಳಿತಿದ್ದರು. ನನ್ನನ್ನು ನೋಡಿ ಎದ್ದರು, ಮತ್ತೆ ಕುಳಿತರು.

"ಹೋಗ್ಲಿ ಬಿಡಮ್ಮ. ನಾನು ಮುಟ್ಟಬಾರ್ದಿತ್ತು. ಇಷ್ಟು ವರ್ಸದ್ದು ನನ್ ಕೈಯಿಂದ..." ಎನ್ನುತ್ತ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಅಪ್ಪನ ಕಣ್ಣಲ್ಲಿ ನೀರು ನಾನು ಹೆಚ್ಚು ನೋಡಿದವಳಲ್ಲ. ಪಕ್ಕದಲ್ಲಿ ಕುಳಿತು ಚೀಲದಿಂದ ಪೊಟ್ಟಣ ತೆಗೆದೆ. ಹಾನಾ ಹೋಲಿಕೆಯ ತುಂಡಿನ ಎರಡು ಚೂರುಗಳನ್ನು ನನ್ನ ಕೈಯಲ್ಲಿ ಕಳಿಸಿದ್ದರು, ಅದಕ್ಕೆ ವಿಕಿರಣದ ಸೋಂಕಿಲ್ಲ, ಮುಟ್ಟಬಹುದು. ಅಪ್ಪನ ಅಂಗೈಯಲ್ಲಿಟ್ಟು, ನನ್ನ ಕೆಲಸ ಏನೆಂದು ಮೊದಲ ಬಾರಿಗೆ ಸಮಾಧಾನವಾಗಿ ಹೇಳಿದೆ. ಎಲ್ಲ ಉಕ್ಕೂ ಒಂದು ದಿನ ಮುರಿಯುವುದೇ. ತಟಕ್ಕನೆ ಮುರಿದರೆ ಯಾರಿಗೂ ತಪ್ಪಿಸಿಕೊಳ್ಳಲು ಸಮಯವಿಲ್ಲ. ಜಗ್ಗಿ ಮುರಿದರೆ ಮೊದಲೇ ಎಚ್ಚರಿಕೆ ಕೊಡುತ್ತದೆ. ನಮ್ಮದು ಜಗ್ಗಿ ಮುರಿಯಿತು.

ಅಪ್ಪ ಹೆಬ್ಬೆರಳಿನಿಂದ ಸಣ್ಣಗಾದ ತುದಿಯನ್ನು ತುಂಬ ಹೊತ್ತು ಸವರಿದರು.

"ಹಂಗಾದ್ರೆ ಗೆದ್ದಂಗಾ?"

"ಗೆದ್ದಂಗೇ ಅಪ್ಪ."

"ಎಣ್ಣೆಯಿಂದ ಏನೂ ಆಗ್ಲಿಲ್ವಾ? ನಿಜ ಹೇಳು."

ಸುಳ್ಳು ಹೇಳಲು ಮನಸ್ಸು ಬರಲಿಲ್ಲ. "ಆಯ್ತು. ಎಣ್ಣೆ ತೊಳೆಯೋದ್ರಲ್ಲೇ ದಿನ ಹೋಗಿ ಒಂದೇ ಎಳೆಯೋಕಾಯ್ತು, ಇನ್ನೊಂದು ಅಲ್ಲೇ ಉಳೀತು. ಎರಡಕ್ಕೂ ಸಮಯ ಇದ್ದಿದ್ರೆ ಮೊದ್ಲು ಸುಲಭದ್ದು ಎಳೀತಿದ್ದೆ. ಅದು ಗೆದ್ಮೇಲೆ ಕಷ್ಟದ್ದಕ್ಕೆ ಧೈರ್ಯ ಬರ್ತಿತ್ತೋ ಇಲ್ವೋ. ಒಂದೇ ಅಂದ್ಮೇಲೆ ಕಷ್ಟದ್ದೇ ಎಳೆದೆ. ಗೆದ್ದಿದ್ದು ಅದೇ."

ಅಪ್ಪ ಚೂರುಗಳನ್ನು ಪೊಟ್ಟಣದಲ್ಲಿ ಸುತ್ತಿ ನನಗೆ ಕೊಟ್ಟರು. ಒಳಗೆ ಹೋಗಿ ಮುಖ ತೊಳೆದುಕೊಂಡು, ವಿಭೂತಿ ಹಚ್ಚಿಕೊಂಡು ಹೊರಗೆ ಬಂದವರು ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದರು.

"ನೀನು ಉಂಡು ಮಲಗಮ್ಮ, ದಣಿದಿದೀಯ. ಆ ಬಸವರಾಜ ಯಾವನಿಗೆ ಎಷ್ಟಕ್ಕೆ ಕೊಟ್ಟು ಕೂತವ್ನೋ, ಮಂಡಿ ಕಡೆ ನೋಡ್ಕಂಡು ಬತ್ತೀನಿ" ಎಂದು ಚಪ್ಪಲಿ ಮೆಟ್ಟಿ ಹೊರಟರು.